ಯಂತ್ರಕ್ಕೆ ಮಾತು ತಿಳಿಯುವ ಬಗೆ

‘ಹಣ್ಣುಗಳನ್ನೆಲ್ಲ ಒಳಗಿಡು’ ಎಂದರೆ ನಮ್ಮ ಮನೆಯ ಮಗು ತಟ್ಟೆಯನ್ನು ಹುಡುಕುತ್ತದೆ. ತಟ್ಟೆ ಸಿಗದಿದ್ದರೆ ಬುಟ್ಟಿಯನ್ನು ತರುತ್ತದೆ. ತಟ್ಟೆಯ ಮಾತನ್ನು ನಾವು ಆಡಿರುವುದೇ ಇಲ್ಲ. ಈ ಲೋಕಜ್ಞಾನವನ್ನು ಯಂತ್ರಮಾನವನಿಗೆ ಕಲಿಸುವುದೆಂತು?

ನಾವು ನೆಲೆಸಿರುವ ದೆಹಲಿಯಲ್ಲಿಯೇ, ಹೌಜ್ ಖಾಸ್‌ನ ಐ.ಐ.ಟಿ.ಯ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ರೋಹನ್ ಪಾಲ್, ಮೌಸಮ್ ಮೊದಲಾದವರು 2021ರಲ್ಲಿ ಪ್ರಕಟಿಸಿದ ‘ಟ್ಯಾಂಗೋ’ ಪದ್ಧತಿಯಲ್ಲಿ, ಗಣಕದೊಳಗಿನ ಕಲ್ಪಿತ ಮನೆ, ಕಾರ್ಖಾನೆಗಳಲ್ಲಿ ಮನುಷ್ಯರು ಮಾಡಿಸಿ ತೋರಿದ ಕೆಲಸಗಳಿಂದ ಯಂತ್ರವು ಪಾಠ ಕಲಿಯುತ್ತದೆ. ವಸ್ತುಗಳ ಪರಸ್ಪರ ಸಂಬಂಧವನ್ನು ಕುರಿತ ಸಾಮಾನ್ಯ ಜ್ಞಾನವನ್ನೂ ಅದಕ್ಕೆ ಒದಗಿಸಿರುವುದರಿಂದ, ತಾನು ಹಿಂದೆ ಕಂಡಿರದ ಸಾಧನವನ್ನೂ ಅದು ಆರಿಸಬಲ್ಲುದು. ಅಲ್ಲಿಯದೇ 2022ರ ಮತ್ತೊಂದು ಪ್ರಯತ್ನದಲ್ಲಿ, ಆಜ್ಞೆಯ ವಾಕ್ಯವನ್ನೂ ಎದುರಿನ ದೃಶ್ಯದ ಚಿತ್ರವನ್ನೂ ಕೂಡಿಸಿ ನೋಡಿ, ಯಾವುದನ್ನೆತ್ತಿ ಎಲ್ಲಿಡಬೇಕೆಂಬ ಕ್ರಮವನ್ನು ಯಂತ್ರವೇ ರಚಿಸಿಕೊಳ್ಳುತ್ತದೆ.

ಆದರೆ ಆ ವಾಕ್ಯಗಳು ಇಂಗ್ಲಿಷಿನವು. ಆಡಿದ ಕನ್ನಡ ಯಂತ್ರಕ್ಕೆ ತಿಳಿಯಬೇಕಾದರೆ ಮೊದಲು ಧ್ವನಿಯು ಅಕ್ಷರವಾಗಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆಯು ಕನ್ನಡಕ್ಕೂ ಈ ಸೌಕರ್ಯವನ್ನು ಕಲ್ಪಿಸಿದೆ. ಅದರ ‘ಭಾಷಾದಾನ’ದಲ್ಲಿ ಯಾರು ಬೇಕಾದರೂ ತಮ್ಮ ದನಿಯನ್ನು ನೀಡಬಹುದು. ಹಿಂದಿಯೊಡನೆ ಬೆರೆತ ನಮ್ಮ ದೆಹಲಿಯ ಕನ್ನಡವನ್ನು ನಾವಲ್ಲದೆ ಇನ್ನಾರು ನೀಡಬೇಕು? ಮನೆಯ ಮಕ್ಕಳೊಡನೆಯೇ ಕನ್ನಡವಾಡದ ನಾವು, ಯಂತ್ರವು ಕನ್ನಡ ಬಲ್ಲುದಾಗಲೆಂದು ಬಯಸುವುದು ಯಾವ ನ್ಯಾಯ?