ರಾಣಿಯ ಹೊಟ್ಟೆಯೊಳಗೆ ಇಬ್ಬರು

ಕ್ಯಾಲಿಫೋರ್ನಿಯಾದ ಒಂದು ಸ್ಟುಡಿಯೋದ ಪಾರ್ಕಿಂಗ್ ಜಾಗ. ಕ್ರೇನಿಗೆ ಒಂದು ವಿಚಿತ್ರ ಗೂಡು ಕಟ್ಟಿ ಎತ್ತಿದ್ದಾರೆ. ಹಗುರವಾದ ಫೋಮ್ ಹಲಗೆ ಕತ್ತರಿಸಿ ಮಾಡಿದ ಅಸ್ಥಿಪಂಜರ, ಅದರ ಮೇಲೆ ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲಗಳ ಹೊದಿಕೆ. ಉದ್ದನೆಯ ಕೈಗಳಿಗೆ ಹಿಮದಲ್ಲಿ ಜಾರುವವರು ಊರಿಕೊಳ್ಳುವ ಕೋಲುಗಳು. ಒಳಗೆ ಇಬ್ಬರು ಮನುಷ್ಯರು. ಕ್ರೇನು ಅಲುಗಿತು, ಆ ಕಪ್ಪು ಆಕಾರ ಮುಂದಕ್ಕೆ ಬಾಗಿ ನಾಲ್ಕೂ ಕೈ ಚಾಚಿತು. ಕಸದ ಚೀಲವೇ ಇಷ್ಟು ಜೀವ ತೋರಿದರೆ ನಿಜವಾದ ಗೊಂಬೆ ಹೇಗಿರಬಹುದೆಂಬ ಧೈರ್ಯ ಅಲ್ಲಿದ್ದವರಿಗೆ ಬಂತು.

ಹೀಗೆ ಹುಟ್ಟಿದವಳು 1986ರ ‘ಏಲಿಯನ್ಸ್’ ಚಿತ್ರದ ರಾಣಿ.

ರಿಡ್ಲಿ ಸ್ಕಾಟ್ 1979ರಲ್ಲಿ ತೆಗೆದ ‘ಏಲಿಯನ್’ನಲ್ಲಿ ಇದ್ದದ್ದು ಒಂದೇ ಅನ್ಯಲೋಕದ ಜೀವಿ. ಸ್ವಿಸ್ ಕಲಾವಿದ ಎಚ್.ಆರ್. ಗೀಗರ್ ರೂಪಿಸಿದ ಆ ಉಡುಪಿನೊಳಗೆ ಬೊಲಾಜಿ ಬಡೇಜೊ ಎಂಬ ನೈಜೀರಿಯಾದ ಬಲು ಎತ್ತರದ ಯುವಕನಿದ್ದ. ಮುಂದಿನ ಭಾಗ ಜೇಮ್ಸ್ ಕ್ಯಾಮರೂನ್ ಕೈಗೆ ಬಂದಾಗ ಅವರು ಒಂದು ಪ್ರಶ್ನೆ ಹಿಡಿದು ಹೊರಟರು: ಮೊದಲ ಚಿತ್ರದಲ್ಲಿ ಕಂಡ ಅಷ್ಟೊಂದು ಮೊಟ್ಟೆ ಇಟ್ಟವರು ಯಾರು? ಉತ್ತರವಾಗಿ ಬಂದ ರಾಣಿಯ ಚಿತ್ರವನ್ನು ಅವರೇ ಬರೆದರು. ಎತ್ತರ ಸುಮಾರು 14 ಅಡಿ. ಒಳಗೆ ಮನುಷ್ಯನಿದ್ದಾನೆಂದು ಯಾವ ಕೋನದಿಂದಲೂ ಅನಿಸಬಾರದು ಎಂಬುದು ಅವರ ಹಟ. ಆ ಹಟಕ್ಕೆ ಕೈಜೋಡಿಸಿದವರು ಗೊಂಬೆ ಕಲಾವಿದ ಸ್ಟ್ಯಾನ್ ವಿನ್‌ಸ್ಟನ್.

ಒಂದೇ ಉಸಿರು

ಸೂತ್ರದ ಗೊಂಬೆ ಆಡಿಸುವವರಿಗೆ ಗೊತ್ತಿರುವ ವಿದ್ಯೆಯೇ ಇದು, ಅಳತೆ ಮಾತ್ರ ದೊಡ್ಡದು. ಇಡೀ ದೇಹದ ಭಾರ ಹೊರುವುದು ಕ್ರೇನು. ಕೈಗಳನ್ನು ಆಡಿಸುವುದು ಎದೆಗೂಡಿನೊಳಗೆ ಕುಳಿತ ಇಬ್ಬರ ಕೆಲಸ. ತಲೆ, ಕತ್ತು ತಿರುಗುವುದು ಹೈಡ್ರಾಲಿಕ್ ಒತ್ತಡದಿಂದ. ತುಟಿ, ದವಡೆಗಳಿಗೆ ಕೇಬಲ್ಲು, ಕಾಲಿಗೆ ಕೋಲು, ಬಾಲಕ್ಕೆ ತಂತಿ. ಹೊರಗೆ ಹತ್ತಾರು ಜನ ಒಂದೊಂದು ಅಂಗ ಹಿಡಿದು ನಿಲ್ಲುತ್ತಿದ್ದರು. ಒಬ್ಬನ ಕೈ ಅರೆಕ್ಷಣ ತಡವಾದರೂ ರಾಣಿ ರಬ್ಬರಿನ ಬೊಂಬೆಯಾಗಿಬಿಡುತ್ತಾಳೆ. ಎಲ್ಲರ ಉಸಿರು ಒಂದಾದಾಗ ಮಾತ್ರ ಅವಳು ತಲೆ ಎತ್ತಿ ನೋಡುತ್ತಾಳೆ.

ಅಡಿಯಿಂದ ಮುಡಿಯವರೆಗೆ ಕಾಣಬೇಕಾದ ಕೆಲವು ಶಾಟ್‌ಗಳಿಗೆ ಕಾಲು ಅಳತೆಯ ಪುಟ್ಟ ರಾಣಿಯನ್ನೂ ಮಾಡಿಕೊಂಡಿದ್ದರು. ಕ್ರೇನು, ತಂತಿಗಳನ್ನು ಮುಚ್ಚಿದ್ದು ಹೊಗೆ, ಹಬೆ, ಕತ್ತಲು ಮತ್ತು ಮೈತುಂಬ ಸವರಿದ ಲೋಳೆ. ನಮ್ಮ ಎದೆ ನಡುಗಿಸುವ ಆ ಹಬೆ ತಂಡದವರ ಪಾಲಿಗೆ ಪರದೆಯೂ ಆಗಿತ್ತು.

ಹಾಳುಬಿದ್ದ ವಿದ್ಯುತ್ ಕೇಂದ್ರ

ನಿರ್ಮಾಪಕಿ ಗೇಲ್ ಆನ್ ಹರ್ಡ್ ಕೈಯಲ್ಲಿದ್ದ ಹಣ ಸುಮಾರು 1.8 ಕೋಟಿ ಡಾಲರ್. ತೆರೆಯ ಮೇಲೆ ಕಾಣುವ ವಿಸ್ತಾರಕ್ಕೆ ಅದು ದೊಡ್ಡ ಮೊತ್ತವಲ್ಲ. ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಕಲಾ ವಿನ್ಯಾಸಕ ಪೀಟರ್ ಲಾಮಾಂಟ್ ಪ್ರತಿ ಪೌಂಡನ್ನೂ ಎಣಿಸಿ ಸೆಟ್ ಹಾಕಬೇಕಾಯಿತು. ಕತೆಯಲ್ಲಿ ಆ ಜೀವಿಗಳನ್ನು ಎದುರಿಸಲು ಹೊರಟ ಯೋಧರು ದೀರ್ಘನಿದ್ದೆ ಮಾಡುವ ಪೆಟ್ಟಿಗೆಗಳನ್ನು ಕೆಲವೇ ಮಾಡಿಸಿ, ಕನ್ನಡಿ ಇಟ್ಟು ಉದ್ದನೆಯ ಸಾಲಾಗಿಸಿದರು. ಯೋಧರ ಕವಚವಾಹನ ವಾಸ್ತವದಲ್ಲಿ ವಿಮಾನಗಳನ್ನು ಎಳೆಯುವ ಟ್ರ್ಯಾಕ್ಟರು; ಅದರ ಭಾರ ಇಳಿಸಿ, ಮೇಲೆ ಹೊಸ ಕವಚ ತೊಡಿಸಿದ್ದರು.

ಜೀವಿಗಳ ಗೂಡಿಗೆ ಸಿಕ್ಕಿದ್ದು ಪಶ್ಚಿಮ ಲಂಡನ್ನಿನ ಆಕ್ಟನ್ ಲೇನ್‌ನಲ್ಲಿ ಮುಚ್ಚಿಹೋಗಿದ್ದ ವಿದ್ಯುತ್ ಕೇಂದ್ರ. ಮೊದಲು ಅಲ್ಲಿನ ಅಪಾಯಕಾರಿ ಕಲ್ನಾರನ್ನು ತೆಗೆಸಬೇಕಾಯಿತು. ಆಮೇಲೆ ತುಕ್ಕು ಹಿಡಿದ ಕೊಳವೆ, ಕಬ್ಬಿಣದ ಜಾಲರಿಗಳ ಮೇಲೆ ಗೂಡು ಬೆಳೆಯಿತು. ಮುಂದೆ 1989ರ ‘ಬ್ಯಾಟ್‌ಮನ್’ ಕೂಡ ಇದೇ ಕಟ್ಟಡಕ್ಕೆ ಬಂತು.

ನೂರಾರು ಜೀವಿಗಳ ದಂಡು ಎಂದು ನಾವು ನಂಬುವುದೂ ಬೆರಳೆಣಿಕೆಯ ಉಡುಪುಗಳನ್ನು. ಮೈಗಂಟುವ ಕಪ್ಪು ಬಟ್ಟೆಯ ಮೇಲೆ ಫೋಮಿನ ತುಂಡುಗಳನ್ನು ಅಂಟಿಸಿ, ನೃತ್ಯಗಾರರಿಗೂ ಸಾಹಸ ಕಲಾವಿದರಿಗೂ ತೊಡಿಸಿದರು. ಉಡುಪು ಹಗುರವಾದ್ದರಿಂದ ಅವರು ತಂತಿ ಹಿಡಿದು ನೇತಾಡಬಲ್ಲವರಾದರು, ಗೋಡೆಯಿಂದ ಜಿಗಿಯಬಲ್ಲವರಾದರು. ಕ್ಯಾಮೆರಾ ಯಾರ ಮೇಲೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಉಳಿದವುಗಳನ್ನು ಹುಟ್ಟಿಸಿದ್ದು ನೋಡುವವನ ಮನಸ್ಸೇ.

ಯೋಧರ ನೌಕೆ ಉರುಳಿಬೀಳುವ ದೃಶ್ಯವನ್ನು ರಾಬರ್ಟ್ ಮತ್ತು ಡೆನಿಸ್ ಸ್ಕೊಟಾಕ್ ಸಹೋದರರ ತಂಡ ಸಣ್ಣ ಮಾದರಿ ಬಳಸಿ ಮೊದಲೇ ಚಿತ್ರಿಸಿಕೊಂಡಿತು. ಆಮೇಲೆ ಅದನ್ನು ನಟರ ಬೆನ್ನ ಹಿಂದಿನ ತೆರೆಯ ಮೇಲೆ ಬಿಟ್ಟರು. ಓಡುವವರಿಗೂ ಬೀಳುವ ನೌಕೆಗೂ ಕಾಲ ಕೂಡಿಬಂದರೆ ಮಾತ್ರ ಅಪಾಯ ನಿಜವೆನಿಸುತ್ತದೆ.

ಕತೆಯ ಕರುಳು

ಇಷ್ಟೆಲ್ಲ ಶ್ರಮ ಬರೀ ಬೆಚ್ಚಿಬೀಳಿಸುವುದಕ್ಕಾಗಿದ್ದರೆ ಈ ಚಿತ್ರ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ಸಿಗೋರ್ನಿ ವೀವರ್ ಅಭಿನಯದ ರಿಪ್ಲಿ, ಎಲ್ಲರನ್ನೂ ಕಳೆದುಕೊಂಡ ನ್ಯೂಟ್ ಎಂಬ ಪುಟ್ಟ ಹುಡುಗಿಯನ್ನು ಎದೆಗೆ ಹಚ್ಚಿಕೊಳ್ಳುತ್ತಾಳೆ. ಆ ಹುಡುಗಿಯಾದ ಕ್ಯಾರಿ ಹೆನ್ ಹಿಂದೆಂದೂ ಸಿನಿಮಾದಲ್ಲಿ ಅಭಿನಯಿಸಿರಲಿಲ್ಲ. ವೀವರ್‌ಗೆ ಅತ್ಯುತ್ತಮ ನಟಿ ಆಸ್ಕರ್ ನಾಮನಿರ್ದೇಶನ ಬಂತು. ಭೀತಿಯ ಚಿತ್ರವೊಂದರ ನಾಯಕಿಗೆ ಅಂಥ ಗೌರವ ಅಪರೂಪ. ಧ್ವನಿ ಪರಿಣಾಮಗಳ ಸಂಕಲನಕ್ಕೆ, ದೃಶ್ಯ ಪರಿಣಾಮಗಳಿಗೆ ಪ್ರಶಸ್ತಿಯೇ ಸಿಕ್ಕಿತು.

ಕೊನೆಯ ಕಾಳಗಕ್ಕೆ ಬನ್ನಿ. ಸರಕು ಎತ್ತುವ ಹಳದಿ ಯಂತ್ರವನ್ನು ಕವಚದಂತೆ ತೊಟ್ಟು ರಿಪ್ಲಿ ರಾಣಿಯ ಎದುರು ನಿಲ್ಲುತ್ತಾಳೆ. ಆ ಯಂತ್ರಕ್ಕೆ ತಾನಾಗಿ ನಡೆಯುವ ಶಕ್ತಿಯಿರಲಿಲ್ಲ. ವೀವರ್ ಬೆನ್ನ ಹಿಂದೆ, ಕ್ಯಾಮೆರಾಗೆ ಕಾಣದಂತೆ, ಕಟ್ಟುಮಸ್ತಾದ ಒಬ್ಬ ಸಾಹಸ ಕಲಾವಿದ ನಿಂತು ಅದರ ಕೈಕಾಲುಗಳನ್ನು ಎತ್ತಿ ಇಡುತ್ತಿದ್ದ. ಎದುರಿನ ರಾಣಿಯೊಳಗೂ ಇಬ್ಬರು ಬೆವರುತ್ತಿದ್ದರು. ಮಗುವಿಗಾಗಿ ಒಬ್ಬಳು, ಸುಟ್ಟುಹೋದ ಮೊಟ್ಟೆಗಳಿಗಾಗಿ ಇನ್ನೊಬ್ಬಳು, ಹೀಗೆ ಇಬ್ಬರು ತಾಯಂದಿರು ಸೆಣಸುವುದು ತೆರೆಯ ಮೇಲೆ ಕಾಣುತ್ತದೆ. ಆ ಇಬ್ಬರನ್ನೂ ಹೊತ್ತು ನಿಂತವರ ಮುಖ ಚಿತ್ರದಲ್ಲಿ ಎಲ್ಲೂ ಇಲ್ಲ. ಮುಂದಿನ ಸಲ ನೋಡುವಾಗ ರಾಣಿ ಮೆಲ್ಲನೆ ಕೈ ಬಿಚ್ಚುವ ಗಳಿಗೆಯನ್ನು ಗಮನಿಸಿ. ಅದು ಅವರ ಕೈ.