ಮುದ್ರಿತ ಕನ್ನಡ ಪುಟದಿಂದ ಗಣಕದ ಪಠ್ಯಕ್ಕೆ: ಲಿನಕ್ಸ್‌ನಲ್ಲಿ ಸ್ಕ್ಯಾನರ್ ಬಳಕೆ

ಹಿಂದೂಪುರ, ಕಲ್ಯಾಣದುರ್ಗ ಪರಿಸರದ ಕನ್ನಡ ಮಾಧ್ಯಮ ಶಿಕ್ಷಕರಿಗೆ ಹಳೆಯ ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ, ಶಾಲಾ ದಾಖಲೆಗಳನ್ನು ಉಳಿಸಿಕೊಳ್ಳುವ ಅಗತ್ಯ ಆಗಾಗ ಒದಗುತ್ತದೆ. ಇದಕ್ಕೆ ಬೇಕಾದ ತಂತ್ರಾಂಶಗಳು ಲಿನಕ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ಸ್ಕ್ಯಾನರ್ ನೀಡುವುದು ಪುಟದ ಚಿತ್ರವನ್ನು ಮಾತ್ರ. ಅದನ್ನು ತಿದ್ದಲು ಬರುವ ಪಠ್ಯವಾಗಿಸುವುದು ಬೇರೆಯೇ ಹಂತ. ಅಲ್ಲಿ ಶಿಕ್ಷಕರ ಕಣ್ಣೇ ಕೊನೆಯ ಪರೀಕ್ಷಕ.

1. ಜೋಡಣೆ
ಲಿನಕ್ಸ್‌ನಲ್ಲಿ ಸ್ಕ್ಯಾನರುಗಳನ್ನು ನಡೆಸುವ ವ್ಯವಸ್ಥೆಯ ಹೆಸರು ‘ಸೇನ್’. ಯಂತ್ರವನ್ನು ಕೊಳ್ಳುವ ಮುನ್ನವೇ ಅದರ ಮಾದರಿ ಸೇನ್‌ನ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿದೆಯೇ ಎಂದು ನೋಡುವುದು ಒಳ್ಳೆಯದು. ವೈ-ಫೈ ಮೂಲಕ ಕೆಲಸ ಮಾಡುವ ಹೊಸ ಯಂತ್ರಗಳಲ್ಲಿ ಹಲವನ್ನು ‘ಸೇನ್-ಏರ್‌ಸ್ಕ್ಯಾನ್’ ಗುರುತಿಸುತ್ತದೆ. ಜೋಡಿಸಿದ ಬಳಿಕ ‘ಡಾಕ್ಯುಮೆಂಟ್ ಸ್ಕ್ಯಾನರ್’ ತಂತ್ರಾಂಶವನ್ನು ತೆರೆದಾಗ ಯಂತ್ರದ ಹೆಸರು ಕಾಣಬೇಕು. ನಿರ್ವಾಹಕರ ಖಾತೆಯಲ್ಲಿ ಕಂಡು ಶಿಕ್ಷಕರ ಖಾತೆಯಲ್ಲಿ ಕಾಣದಿದ್ದರೆ ದೋಷ ಯಂತ್ರದ್ದಲ್ಲ, ಬಳಕೆಯ ಅನುಮತಿಯದು.

2. ಸ್ಪಷ್ಟತೆ
ಈ ತಂತ್ರಾಂಶವು ಪಠ್ಯಪುಟವನ್ನು ಸಾಮಾನ್ಯವಾಗಿ ಅಂಗುಲಕ್ಕೆ 150 ಚುಕ್ಕೆಗಳಂತೆ ಗ್ರಹಿಸುತ್ತದೆ. ಓದಲು ಅಷ್ಟು ಸಾಕು. ಅಕ್ಷರಗಳನ್ನು ಗುರುತಿಸಲು ಸಾಲದು. ಆಯ್ಕೆಗಳಲ್ಲಿ ಅದನ್ನು 300ಕ್ಕೆ ಏರಿಸಬೇಕು. ಆಗ ಎ4 ಪುಟವೊಂದು ಸುಮಾರು 2480 × 3508 ಚುಕ್ಕೆಗಳ ಚಿತ್ರವಾಗುತ್ತದೆ. ಒತ್ತಕ್ಷರಗಳೂ ಮಹಾಪ್ರಾಣದ ಹೊಟ್ಟೆಸೀಳೂ ಉಳಿಯಬೇಕಾದರೆ ಈ ಸೂಕ್ಷ್ಮತೆ ಅವಶ್ಯ. ಸೀಳು ಅಳಿಸಿದರೆ ‘ಧನ’ವು ‘ದನ’ವಾಗುತ್ತದೆ.

3. ಅಕ್ಷರ ಗುರುತಿಸುವಿಕೆ
ಚಿತ್ರದಿಂದ ಪಠ್ಯವನ್ನು ಪಡೆಯಲು ‘ಟೆಸರಾಕ್ಟ್’ ತಂತ್ರಾಂಶವನ್ನೂ ಅದರ ಕನ್ನಡ ಭಾಷಾ ಕಡತವನ್ನೂ ಸ್ಥಾಪಿಸಬೇಕು. ‘ಜಿ-ಇಮೇಜ್‌ರೀಡರ್’ ಇದ್ದರೆ ಆದೇಶಗಳನ್ನು ಬೆರಳಚ್ಚಿಸದೆಯೇ ಟೆಸರಾಕ್ಟನ್ನು ಬಳಸಬಹುದು. ಗಡಿಭಾಗದ ಶಾಲೆಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಭಾಷೆ ತೆಲುಗು ಎಂದಿದ್ದರೆ ಕನ್ನಡದ ಪುಟವೂ ತೆಲುಗು ಅಕ್ಷರಗಳಾಗಿ ಹೊರಬರುತ್ತದೆ. ಎರಡೂ ಲಿಪಿಗಳು ಒಂದೇ ಮೂಲದವಾದ ಕಾರಣ ಹಲವು ಅಕ್ಷರಗಳು ಕಣ್ಣಿಗೆ ಹತ್ತಿರವಾಗಿಯೇ ಇರುತ್ತವೆ. ಯೂನಿಕೋಡ್‌ನಲ್ಲಿ ಮಾತ್ರ ಅವುಗಳ ಸ್ಥಾನ ಬೇರೆ ಬೇರೆ. ಅಂತಹ ಕಡತದಲ್ಲಿ ಕನ್ನಡ ಪದವನ್ನು ಹುಡುಕಿದರೆ ಸಿಗುವುದಿಲ್ಲ. ಪುಟದಲ್ಲಿ ಎರಡೂ ಭಾಷೆಗಳಿದ್ದರೆ ಎರಡನ್ನೂ ಆಯ್ದುಕೊಳ್ಳಬೇಕು.

4. ತಾಳೆ ನೋಡುವುದು
ಪಡೆದ ಪಠ್ಯವನ್ನು ಮೂಲಪುಟದೊಡನೆ ಸಾಲುಸಾಲಾಗಿ ಹೋಲಿಸಬೇಕು. ಅಂಕಿಗಳು, ಒತ್ತಕ್ಷರಗಳು, ಹೆಸರುಗಳು ಮೊದಲು ಗಮನಿಸಬೇಕಾದವು. ಮಗುವಿನ ಹೆಸರು ಧನಂಜಯನಿಂದ ದನಂಜಯನಾಗಿ ಪ್ರಮಾಣಪತ್ರಕ್ಕೆ ಹೋದರೆ ತೊಂದರೆ ಆ ಮಗುವಿನದೇ. ತಾಳೆ ನೋಡುವುದೆಂದರೆ ಮೂಲವನ್ನು ತಿದ್ದುವುದಲ್ಲ. ಹಿಂದೂಪುರವು 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಆದರೂ ಹಿಂದೂಪುರದ ಹಳೆಯ ದಾಖಲೆಯಲ್ಲಿ ಅನಂತಪುರ ಜಿಲ್ಲೆ ಎಂದಿದ್ದರೆ ಅದನ್ನು ಹಾಗೆಯೇ ಉಳಿಸಬೇಕು.

ಕೈಬರಹದ ದಾಖಲಾತಿ ಪುಸ್ತಕವನ್ನು ಪಠ್ಯವಾಗಿಸುವ ಯತ್ನ ಬೇಡ. ಅದನ್ನು ಚಿತ್ರರೂಪದ ಪಿಡಿಎಫ್ ಆಗಿ ಕಾಯ್ದಿಡುವುದೇ ಕ್ಷೇಮ. ಮುದ್ರಿತ ಪುಟಗಳ ವಿಷಯದಲ್ಲಿಯೂ ಪಠ್ಯದ ಜೊತೆಗೆ ಮೂಲಚಿತ್ರವನ್ನು ಉಳಿಸಿದರೆ ಮುಂದೆ ಸಂದೇಹ ಬಂದಾಗ ಅದೇ ಸಾಕ್ಷಿಯಾಗುತ್ತದೆ.