ಕಪ್ಪಿಗೆ ಸಿಗದ ಉಮ್ಮನ ಹಿಡಿ

ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವಿನ ಕೆಂಗಲ್‌ಗೆ ವ್ಯಾಪಾರಕ್ಕೆಂದು ಬಂದಾಗ ನಾವು ಊರಿಂದ ಪಾತ್ರೆ ತಂದೆವು, ಒಂದು ಮೂಟೆ ಕುಚ್ಚಲಕ್ಕಿ ತಂದೆವು. ಅಡುಗೆ ಪುಸ್ತಕ ಮಾತ್ರ ತರಲಿಲ್ಲ. ಉಮ್ಮ ಜೊತೆಗಿರುವಾಗ ಪುಸ್ತಕ ಯಾಕೆ?

ಆಮೇಲೆ ಅದು ಬಂದದ್ದು ಮಗಳ ಟಿಫಿನ್ ಡಬ್ಬದ ಕಾಟದಿಂದ. ದಿನಾ ಅದೇ ರೊಟ್ಟಿಯಾ ಅಂತ ಮುಖ ತಿರುಗಿಸುತ್ತಿದ್ದಳು. ಹಾಗೆ ತರ್ಲಾ ದಲಾಲ್ ಅವರ ಒಂದು ಪುಸ್ತಕ ಮನೆ ಸೇರಿತು. ಬ್ಯಾರಿ ಮನೆಗೆ ಸಸ್ಯಾಹಾರದ ಪುಸ್ತಕವಾ ಎಂದು ನಗಬೇಡಿ. ವಾರದಲ್ಲಿ ಮೂರು ದಿನ ನಮ್ಮಲ್ಲೂ ತರಕಾರಿಯೇ.

ದಲಾಲ್ 1966ರಲ್ಲಿ ಮುಂಬೈಯ ತಮ್ಮ ಮನೆಯಲ್ಲೇ ಅಡುಗೆ ತರಗತಿ ಶುರು ಮಾಡಿದವರು. ಮೊದಲ ಪುಸ್ತಕ 1974ರಲ್ಲಿ ಬಂತು. ಮುಂದೆ ಟಿವಿಯಲ್ಲೂ ಮನೆಮಾತಾದರು. 2007ರಲ್ಲಿ ಪದ್ಮಶ್ರೀ, 2013ರಲ್ಲಿ ನಿಧನ. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಪುಸ್ತಕ! ಎದುರಿಗೆ ನಿಂತ ಹೊಸಬರಿಗೆ ಕಲಿಸಿ ಕಲಿಸಿ ಬರೆದದ್ದಲ್ಲವೇ, ಅದಕ್ಕೇ ಅದರಲ್ಲಿ 'ಸ್ವಲ್ಪ', 'ಹದವಾಗಿ' ಅಂತ ತಪ್ಪಿಸಿಕೊಳ್ಳುವ ಮಾತು ಕಡಿಮೆ. ಎಷ್ಟು ಕಪ್, ಎಷ್ಟು ಚಮಚ, ಎಷ್ಟು ಜನಕ್ಕೆ, ಎಲ್ಲ ಇದೆ. ಹೇಳಿದಂತೆ ಮಾಡಿದರೆ ಆಗಿಬಿಡುತ್ತದೆ. ಒಲೆ ಮುಂದೆ ಹೆದರಿ ನಿಂತವಳಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಉಮ್ಮನಿಗೆ ಟಿವಿಯೇ ಇಷ್ಟ. ಸಿಹಿ ಕಹಿ ಚಂದ್ರು ಅವರ 'ಬೊಂಬಾಟ್ ಭೋಜನ' ನೋಡುತ್ತಾ, ಅವರು ಹಾಕುವ ಮೊದಲೇ "ಈಗ ಉಪ್ಪು" ಎನ್ನುತ್ತಾರೆ. ಆದರೆ ಟಿವಿ ನಮಗಾಗಿ ಕಾಯುವುದಿಲ್ಲ. ಪುಸ್ತಕ ಎಣ್ಣೆ ಕಲೆ ಹತ್ತಿಸಿಕೊಂಡು ಪಕ್ಕದಲ್ಲೇ ಬಿದ್ದಿರುತ್ತದೆ. ಇಂಗ್ಲಿಷಿನಲ್ಲಿರುವುದನ್ನು ಮಗಳು ಓದಿ ಬ್ಯಾರಿಯಲ್ಲಿ ಹೇಳುತ್ತಾಳೆ, ಉಮ್ಮ ಒಗ್ಗರಣೆ ಹಾಕುತ್ತಾರೆ.

ಕಳೆದ ರಮಝಾನ್‌ನಲ್ಲಿ ಉಮ್ಮನ ಮಣಿಕಟ್ಟು ನೋವಾಗಿ ಕೈ ಆಡಲಿಲ್ಲ. ಇಫ್ತಾರಿಗೆ ನೈಪತ್ತಿರ್ ನಾವೇ ತಟ್ಟಿದೆವು. ಅಕ್ಕಿ ನೆನೆಸಿ, ತೆಂಗಿನಕಾಯಿ, ಈರುಳ್ಳಿ, ಜೀರಿಗೆ ಸೇರಿಸಿ ರುಬ್ಬಿದ್ದೆಲ್ಲ ಅವರು ಕುರ್ಚಿಯಲ್ಲಿ ಕೂತು ಹೇಳಿದ ಹಾಗೇ. ಎಣ್ಣೆಗೆ ಬಿಟ್ಟರೆ ಒಡೆದು ಚೂರುಚೂರು. ನೀರು ಹೆಚ್ಚಾಯಿತಂತೆ. ಎಷ್ಟು ಹಾಕಬೇಕಿತ್ತು ಅಂದರೆ, "ಕೈಗೆ ಗೊತ್ತಾಗ್ತದೆ."

ಆ ಸಂಜೆ ನಮಗೆ ನಿಜಕ್ಕೂ ಭಯವಾಯಿತು. ಮುಂಬೈಯವರ ಪನೀರ್ ಪಲ್ಯ ನಮ್ಮ ಮನೆಯಲ್ಲಿ ಅಚ್ಚಾಗಿ ಕೂತಿದೆ, ಉಮ್ಮನ ಪತ್ತಿರ್ ಒಂದು ಚೀಟಿಯಲ್ಲೂ ಇಲ್ಲ. ಪಕ್ಕದ ಮಲಬಾರಿನಲ್ಲಿ ಉಮ್ಮಿ ಅಬ್ದುಲ್ಲಾ ಮಾಪ್ಪಿಳ ಅಡುಗೆಯನ್ನು ಪುಸ್ತಕ ಮಾಡಿದರು. ನಮ್ಮ ಬ್ಯಾರಿಗೂ 2007ರಲ್ಲಿ ಸಾಹಿತ್ಯ ಅಕಾಡೆಮಿ ಬಂದಿದೆ. ಅಕಾಡೆಮಿಯವರು ನಮ್ಮ ಅಡುಗೆಮನೆಗೆ ಬಂದು ಬರೆದುಕೊಳ್ಳಲಿ ಅಂತ ಕಾಯುತ್ತಾ ಕೂರಲಾಗುತ್ತದೆಯೇ?

ಮಗಳ ಹಳೇ ನೋಟ್‌ಬುಕ್ ತೆಗೆದೆವು. ಉಮ್ಮ ಹಿಡಿ ತುಂಬ ಅಕ್ಕಿ ಎತ್ತಿದಾಗಲೆಲ್ಲ ಕೆಳಗೆ ಕಪ್ ಹಿಡಿದೆವು. ಮೂರು ಸಲ ಅಳೆದರೆ ಮೂರು ಲೆಕ್ಕ ಬಂತು. "ಮೊದಲನೇದು ಬರಿ" ಎಂದರು. ಬರೆದ ಮೇಲೆ, "ಅಲ್ಲ, ಮಳೆಗಾಲಕ್ಕೆ ನೀರು ಕಮ್ಮಿ, ಅದನ್ನೂ ಸೇರಿಸು."